ಸ್ಪಷ್ಟನೆ: ಮೊದಲ ಬಿಸಿನೆಸ್ ಸ್ಕೂಲ್ ಹಾರ್ವರ್ಡ್ ಅಲ್ಲ

‘ಜಗತ್ತಿನ ಮೊಟ್ಟಮೊದಲ ಬಿಸಿನೆಸ್ ಸ್ಕೂಲ್ ಹಾರ್ವರ್ಡ್, ಅದಕ್ಕೂ ಮುಂಚೆ ಯಾವ ವಿಶ್ವವಿದ್ಯಾಲಯದಲ್ಲೂ ವ್ಯವಹಾರ ಕಲಿಸುತ್ತಿರಲಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾದದ್ದು 1908ರಲ್ಲಿ. ಅದಕ್ಕೂ 27 ವರ್ಷ ಮೊದಲೇ, 1881ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ಸ್ಕೂಲ್ ಹುಟ್ಟಿತ್ತು. ನಿಕಲ್ ಮತ್ತು ಕಬ್ಬಿಣದ ಉದ್ಯಮದಲ್ಲಿ ಪಳಗಿದ್ದ ಫಿಲಡೆಲ್ಫಿಯಾದ ಜೋಸೆಫ್ ವಾರ್ಟನ್ ಅದಕ್ಕಾಗಿ ಒಂದು ಲಕ್ಷ ಡಾಲರ್ ಕೊಟ್ಟರು. ಅಂಗಡಿ, ಕಚೇರಿಗಳಲ್ಲಿ ಕೆಲಸ ಮಾಡುತ್ತಲೇ ವ್ಯವಹಾರ ಕಲಿಯಬೇಕಿದ್ದ ಕಾಲದಲ್ಲಿ ಅದನ್ನು ಕಾಲೇಜಿನ ಓದಾಗಿಸಿದ ಈ ಹೆಜ್ಜೆ ನಿಜಕ್ಕೂ ದೊಡ್ಡದು. ಅದನ್ನು ಮರೆಸುವುದು ಅನ್ಯಾಯ. ವಿಶ್ವವಿದ್ಯಾಲಯದ ಆಚೆಗೆ ನೋಡಿದರೆ ಪ್ಯಾರಿಸ್‌ನ ವಾಣಿಜ್ಯ ಶಾಲೆ ಇನ್ನೂ ಹಳೆಯದು, 1819ರದ್ದು.

ಗೊಂದಲದ ಮೂಲ ಬಹುಶಃ ಎಂಬಿಎ. ಆ ಹೆಸರಿನ ಪದವಿಯನ್ನು ಮೊದಲು ಆರಂಭಿಸಿದ್ದು ಹಾರ್ವರ್ಡ್ ಎಂಬುದು ಸರಿ. ವಾರ್ಟನ್‌ನಲ್ಲಿ ಎಂಬಿಎ ಬಂದದ್ದು 1921ರಲ್ಲಿ. ಆದರೆ ಡಾರ್ಟ್‌ಮತ್ ಕಾಲೇಜಿನ ಟಕ್ ಸ್ಕೂಲ್ 1900ರಲ್ಲೇ ವಾಣಿಜ್ಯದಲ್ಲಿ ಸ್ನಾತಕೋತ್ತರ ಶಿಕ್ಷಣ ಆರಂಭಿಸಿತ್ತು.

ಅರ್ಜಿ ಹಾಕುವ ವಿದ್ಯಾರ್ಥಿಗಳು ಇದನ್ನೂ ಗಮನಿಸಿ: ಪಿಯುಸಿ ಮುಗಿಸಿ ನೇರವಾಗಿ ಸೇರುವಂಥ ಪದವಿ ಕೋರ್ಸ್ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಇಲ್ಲ. ವಾರ್ಟನ್‌ನಲ್ಲಿದೆ, ಅಲ್ಲಿ ಫೈನಾನ್ಸ್, ಅಕೌಂಟಿಂಗ್, ಮಾರ್ಕೆಟಿಂಗ್ ಯಾವುದನ್ನು ಆರಿಸಿಕೊಂಡರೂ ಸಿಗುವ ಪದವಿ ಅರ್ಥಶಾಸ್ತ್ರದ ಬಿಎಸ್ (ಬ್ಯಾಚುಲರ್ ಆಫ್ ಸೈನ್ಸ್).