ಟೈರ್ ಹಿಡದ ಎಷ್ಟು, ಬಿಟ್ಟ ಎಷ್ಟು?

ಹಾವೇರಿ, ರಾಣೆಬೆನ್ನೂರು ಕಡೆಯ ರೈತ ಟ್ರ್ಯಾಕ್ಟರನ್ನು ಶೋರೂಮಿನಲ್ಲಿ ಕೊಂಡರೂ ಟ್ರೇಲರ್ ಮಾಡಿಸುವುದು ಊರ ಹೊರಗಿನ ಯಾವುದಾದರೂ ಇಂಜಿನಿಯರಿಂಗ್ ವರ್ಕ್ಸ್‌ನಲ್ಲಿ. ಅಲ್ಲಿ ಮಾತು ಶುರುವಾಗುವುದೇ ಹೀಗೆ: "ಟೈರ್ ಹಿಡದ ಎಷ್ಟ್ರೀ ಯಜಮಾನ್ರ, ಬಿಟ್ಟ ಎಷ್ಟ್ರೀ?" ಯಜಮಾನರು ಟೈರು ಸೇರಿಸಿದ್ದೊಂದು, ಸೇರಿಸದ್ದೊಂದು, ಎರಡೂ ರೇಟು ಹೇಳುತ್ತಾರೆ. ಹೊಸ ಟೈರೋ, ಸವೆದದ್ದಕ್ಕೆ ಹೊಸ ರಬ್ಬರ್ ಹೊದಿಸಿ ರಿಸೋಲ್ ಮಾಡಿಸಿದ್ದೋ, ಎಂಆರ್‌ಎಫ್ ಹಾಕುತ್ತೀರೋ ಮೈಸೂರಿನ ವಿಕ್ರಾಂತ್ ಹಾಕುತ್ತೀರೋ ಎಂಬುದೆಲ್ಲ ಇತ್ಯರ್ಥವಾದ ಮೇಲೆಯೇ ಅಡ್ವಾನ್ಸ್ ಕೈ ಬದಲಾಗುವುದು. ಬಣ್ಣದ ಮಾತು, ಹಿಂದೆ ಯಾವ ದೇವರ ಹೆಸರು ಬರೆಸಬೇಕೆಂಬ ಮಾತು ಆಮೇಲೆ.

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಕೊಳ್ಳಹೊರಟ ನಮ್ಮವರು ಈ ಪ್ರಶ್ನೆ ಎತ್ತುವುದನ್ನು ನಾನು ಕಂಡಿಲ್ಲ. ಪಿಕಪ್ ಹಿಂದೆ ಎಳೆದುಕೊಂಡು ಹೋಗುವ ಆ ಮನೆಯೊಳಗೆ ಹೊಕ್ಕರೆ ಸಾಕು, ಫ್ರಿಜ್ಜು, ಸೋಫಾ, ಗುಂಡಿ ಒತ್ತಿದರೆ ಹೊರಕ್ಕೆ ಜರುಗುವ ಗೋಡೆ ನೋಡುತ್ತ ಮೈಮರೆಯುತ್ತಾರೆ. ಬಗ್ಗಿ ಚಕ್ರ ನೋಡುವವರಿಲ್ಲ. ಗಾಂಧಿಬಜಾರಿನಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡಿದವರು, ಇಲ್ಲಿ ಎಲ್ಲಕ್ಕೂ ಚೀಟಿ ಅಂಟಿಸಿದ ಬೆಲೆ ಕಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ವಾಹನದ ವ್ಯಾಪಾರದಲ್ಲಿ ಆ ಚೀಟಿ ಬರೀ ಪೀಠಿಕೆ ಎಂದು ಗೊತ್ತಿದ್ದವರೂ ಒಟ್ಟು ಬೆಲೆಯನ್ನಷ್ಟೇ ಜಗ್ಗುತ್ತಾರೆ. ಒಂದೆರಡು ಸಾವಿರ ಡಾಲರ್ ಇಳಿಸಿದ ಖುಷಿಯಲ್ಲಿ ಹದಿನೈದು ವರ್ಷದ ಸಾಲಕ್ಕೆ ಸಹಿ ಹಾಕುತ್ತಾರೆ. ನನ್ನ ಕೇಳಿದರೆ ಜಗ್ಗಬೇಕಾದದ್ದು ಟೈರನ್ನು.

ಕಾರಣ ಲೆಕ್ಕದಲ್ಲೇ ಇದೆ. ಇಲ್ಲಿನ ಕಾನೂನು ಹೇಳುವುದು ಇಷ್ಟೇ: ಒಂದು ಆಕ್ಸಲ್‌ನ, ಅಂದರೆ ಅಚ್ಚಿನ, ಟೈರುಗಳೆಲ್ಲ ಸೇರಿ ಆ ಆಕ್ಸಲ್‌ಗೆ ನಮೂದಿಸಿದ ಭಾರ ಹೊರಬೇಕು. 3,500 ಪೌಂಡಿನ ಆಕ್ಸಲ್‌ಗೆ 14 ಇಂಚಿನ, ಲೋಡ್ ರೇಂಜ್ ಸಿ ಎಂಬ ದರ್ಜೆಯ ಟೈರು ವರ್ಷಗಟ್ಟಲೆ ಬಂತು. ಭಾರ ಹೊರುವುದರಲ್ಲಿ ಸಿಗಿಂತ ಡಿ ಗಟ್ಟಿ, ಡಿಗಿಂತ ಇ. ಟ್ರೇಲರಿಗೆಂದೇ ಮಾಡುವ ಎಸ್‌ಟಿ 205/75 ಅಳತೆಯಲ್ಲಿ ಒಂದೊಂದೂ 1,760 ಪೌಂಡ್ ಹೊರುತ್ತದೆ, ಎರಡು ಸೇರಿ 3,520. ಮಿಕ್ಕಿದ್ದು 20 ಪೌಂಡ್, ಅಂದರೆ ಇಂಡಿಯನ್ ಗ್ರೋಸರಿಯ ಒಂದು ಸೋನಾ ಮಸೂರಿ ಚೀಲ. ಅದೂ ಟೈರಿನಲ್ಲಿ ಗಾಳಿಯ ಒತ್ತಡ ಪೂರ್ತಿ 50 ಪಿಎಸ್‌ಐ ಇದ್ದಾಗ, ಭಾರ ಎಡಬಲಕ್ಕೆ ಸಮನಾಗಿ ಬಿದ್ದಾಗ. ಆದರೆ ಅಡುಗೆಮನೆ ಒಂದೇ ಬದಿಗಿರುತ್ತದೆ, ಜರುಗುವ ಗೋಡೆಯೂ ಒಂದು ಬದಿಗೆ. 40 ಗ್ಯಾಲನ್ ನೀರು ತುಂಬಿದರೆ ಮುನ್ನೂರು ಪೌಂಡಿಗೂ ಮೇಲೆ. ಈಗೀಗ ಟ್ರೇಲರ್ ತಯಾರಕರ ಸಂಘವೇ ಶೇ. 10ರಷ್ಟು ಹೆಚ್ಚುವರಿ ಶಕ್ತಿಯ ಟೈರು ಇರಬೇಕೆಂದು ತನ್ನ ಸದಸ್ಯರಿಗೆ ನಿಯಮ ಮಾಡಿದೆ. ಒಳ್ಳೆಯದೇ, ಆದರೂ ಹತ್ತು ಸಾಲದು ಎಂಬುದು ನನ್ನ ಮತ.

ಅದೇ ಅಳತೆಯ ಡಿ ದರ್ಜೆಯ ಟೈರು 65 ಪಿಎಸ್‌ಐನಲ್ಲಿ 2,040 ಪೌಂಡ್ ಹೊರುತ್ತದೆ. ಹೊಸ ಟ್ರೇಲರಿಗೆ ಡಿ ಆಗಲೇ ಬಂದಿದ್ದರೆ ಕಂಪನಿ ಯಾವುದೆಂದು ನೋಡಬೇಕು. ಆಮದಾಗುವ ಅಗ್ಗದ ಟೈರುಗಳಿಗೆ ಇಲ್ಲಿನ ಟ್ರೇಲರ್ ಮಂದಿ 'ಚೈನಾ ಬಾಂಬ್' ಎಂದು ಹೆಸರಿಟ್ಟಿದ್ದಾರೆ. ಇದು ಸ್ವಲ್ಪ ಅನ್ಯಾಯದ ಮಾತು. ಟೆಕ್ಸಾಸಿನ ಗಂಟೆಗೆ 75 ಮೈಲಿ ವೇಗದ ರಸ್ತೆಯಲ್ಲಿ, 65 ಮೈಲಿ ವೇಗಕ್ಕೆಂದು ಮಾಡಿದ ಟೈರನ್ನು ಅರೆ ಗಾಳಿಯಲ್ಲಿ ಓಡಿಸಿ ಸಿಡಿಸಿಕೊಂಡವರೂ ಚೀನಾವನ್ನೇ ಬೈಯುತ್ತಾರೆ. ಆದರೆ ಸಿಡಿದಾಗಿನ ಕಥೆ ಮಾತ್ರ ನಿಜ: ಕಿತ್ತ ರಬ್ಬರ್ ಪಟ್ಟಿ ಬಾರುಕೋಲಿನಂತೆ ಬಡಿದು ನೆಲದ ಹಲಗೆ, ವೈರು, ಕೆಲವೊಮ್ಮೆ ಗ್ಯಾಸ್ ಪೈಪನ್ನೂ ಹರಿದುಹಾಕುತ್ತದೆ. ಎರಡು ಆಕ್ಸಲ್‌ಗಳ ನಾಲ್ಕು ಟೈರಿನ ದುಡ್ಡಿನ ಹಲವು ಪಟ್ಟು ರಿಪೇರಿಗೆ ಹೋಗುತ್ತದೆ.

ಕೇಳುವುದು ಯಾವಾಗ? ಬೆಲೆ ಕುದುರಿದ ಮೇಲೆ, ಸಹಿ ಬೀಳುವ ಮುಂಚೆ. ಸೇಲ್ಸ್‌ಮನ್ ಆಗ ಕಮಿಷನ್ ಎಣಿಸುತ್ತ ಕೂತಿರುತ್ತಾನೆ, ನಾಲ್ಕು ಟೈರಿಗಾಗಿ ಗಿರಾಕಿಯನ್ನು ಕಳಿಸಿಬಿಡುವ ಮನಸ್ಸಿರುವುದಿಲ್ಲ. "ಫ್ಯಾಕ್ಟರಿಯಿಂದ ಹೀಗೇ ಬರೋದು" ಎನ್ನುತ್ತಾನೆ. ಬರಲಿ, ಬಿಚ್ಚಿದ ಹೊಸ ಟೈರು ಅವನಿಗೇ ಉಳಿಯುತ್ತದೆ, ಅದಕ್ಕೂ ಬೆಲೆಯಿದೆ. ಗುಡ್‌ಇಯರ್ ಎಂಡ್ಯೂರೆನ್ಸ್ ಎಂದೋ ಮತ್ತೊಂದೆಂದೋ ಹೆಸರು, ಅಳತೆ, ದರ್ಜೆ ಮೂರನ್ನೂ ಕರಾರಿನಲ್ಲೇ ಬರೆಸಬೇಕು. "ಒಳ್ಳೆ ಟೈರ್ ಹಾಕಿಕೊಡ್ತೀವಿ" ಎಂದಷ್ಟೇ ಬರೆದರೆ ಯಾವುದನ್ನು ಬೇಕಾದರೂ ಹಾಕಬಹುದು. ದರ್ಜೆ ಏರಿಸಿದರೆ ರಿಮ್ಮು ಆ ಗಾಳಿಯ ಒತ್ತಡ ತಡೆಯುತ್ತದೆಯೇ ಎಂದೂ ಕೇಳಬೇಕು. ಮಾಮೂಲಿ ರಬ್ಬರ್ ವಾಲ್ವು 65 ಪಿಎಸ್‌ಐಗೆ ಮಾಡಿದ್ದು. 80 ಬೇಕಾಗುವ ಇ ದರ್ಜೆಗೆ ಅಷ್ಟು ಒತ್ತಡ ತಡೆಯುವ ವಾಲ್ವೇ ಆಗಬೇಕು, ಲೋಹದ್ದಾದರೆ ವಾಸಿ. ಟೈರು ಗಟ್ಟಿಯಾದರೂ ಆಕ್ಸಲ್ ಹಳೆಯದೇ, ಹೊರೆ ಏರಿಸುವಂತಿಲ್ಲ.

ಕೊಡಲೊಲ್ಲೆ ಎಂದರೆ ವ್ಯತ್ಯಾಸದಷ್ಟು ದುಡ್ಡು ಇಳಿಸಿಕೊಂಡು ಹೊರಗಿನ ಟೈರ್ ಅಂಗಡಿಗೆ ಹೋಗುವುದೇ ವಾಸಿ. ಅದನ್ನು ಬಿಟ್ಟು ಸಾಲದ ಕಾಗದ ಮಾಡುವ ಕೋಣೆಯಲ್ಲಿ 'ಟೈರ್ ರಕ್ಷಣೆಯ ಪ್ಲಾನ್' ಮಾರುತ್ತಾರಲ್ಲ, ಅದಕ್ಕೆ ನಾನಂತೂ ಕೈ ಮುಗಿಯುತ್ತೇನೆ. ದುರ್ಬಲ ಟೈರು ಕೊಟ್ಟು ಅದರ ಮೇಲೆ ವಿಮೆ ಮಾರುವ ಜಾಣತನ ನಮ್ಮ ವರ್ಕ್ಸ್ ಯಜಮಾನರಿಗೆ ಇನ್ನೂ ಹೊಳೆದಿಲ್ಲ.

ಹಾಗೆಂದು ಊರಿನ ರೀತಿಯೇ ಮೇಲು ಎನ್ನಲಾರೆ. ಸವೆದ ಟೈರಿಗೆ ರಿಸೋಲ್ ಮಾಡಿಸಿ, ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿ ಆಕಾಶದೆತ್ತರ ಹೇರುವಾಗ ಯಾವ ಪೌಂಡಿನ ಲೆಕ್ಕವೂ ಇರುವುದಿಲ್ಲ. ಇಲ್ಲಿ ಪ್ರತಿ ಟ್ರೇಲರಿನ ಎಡಬದಿಯ ಮುಂಭಾಗದಲ್ಲಿ ಎಷ್ಟು ಭಾರ, ಎಷ್ಟು ಗಾಳಿ ಎಂದು ಚೀಟಿ ಅಂಟಿಸಿರುತ್ತಾರೆ. ಓದುವವರಿಗೆ ಅದರಲ್ಲಿ ಎಲ್ಲ ಇದೆ. ಊರಿನವರ ಪ್ರಶ್ನೆ, ಇಲ್ಲಿನ ಚೀಟಿ, ಎರಡೂ ಒಟ್ಟಿಗಿದ್ದರೆ ಚೆನ್ನಾಗಿತ್ತು.

ಟ್ರೇಲರ್ ಒಯ್ಯುವ ದಿನ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಡಿಓಟಿ ಸಂಖ್ಯೆ ನೋಡಿ. ಕೊನೆಯ ನಾಲ್ಕು ಅಂಕಿ 1424 ಎಂದಿದ್ದರೆ 2024ರ 14ನೇ ವಾರದಲ್ಲಿ ಆದದ್ದು. ಟ್ರೇಲರ್ ಟೈರು ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತದೆ, ಐದಾರು ವರ್ಷಕ್ಕೆ ಬದಲಿಸುವುದು ರೂಢಿ. ಗೋದಾಮಿನಲ್ಲಿ ಎರಡು ವರ್ಷ ಕೂತದ್ದನ್ನು ಹೊಸದೆಂದು ಒಪ್ಪಬೇಕಾಗಿಲ್ಲ. ಹಿಂದೆ ನೇತಾಡುವ ಸ್ಟೆಪ್ನಿಯ ಅಂಕಿಯನ್ನೂ ನೋಡಿ; ಕರಾರಿನಲ್ಲಿ ನಾಲ್ಕು ಎಂದು ಬರೆದಿದ್ದರೆ ಐದನೆಯದು ಹಳೆಯ ಸಿ ದರ್ಜೆಯದೇ ಇರುತ್ತದೆ.