ಸೊನ್ನೆ ಬರೆದ ಸಂಬಳದ ಚೀಟಿ

2019ರ ಸಂಕ್ರಾಂತಿಗೆ ಇಲ್ಲಿ ಮೇರಿಲ್ಯಾಂಡಿನಲ್ಲಿ ಗೆಳೆಯನ ಮನೆಗೆ ಎಳ್ಳು ಬೀರಲು ಹೋಗಿದ್ದೆವು. ಧಾರವಾಡ ಕಡೆಯವನು, ಈ ದೇಶದ ಪೌರತ್ವ ಪಡೆದು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾನೆ. ಹವಾಮಾನದ ಮುನ್ಸೂಚನೆ ಬರೆಯುವುದು ಅವನ ಕೆಲಸ. ಕುಸುರೆಳ್ಳಿನ ತಟ್ಟೆ ನಮ್ಮ ಮುಂದಿಟ್ಟು, ಫೋನು ತೆಗೆದು ಆ ಸಲದ ಸಂಬಳದ ಚೀಟಿ ತೋರಿಸಿದ. ಎರಡು ವಾರ ದುಡಿದದ್ದಕ್ಕೆ ಕೊನೆಯ ಸಾಲಿನಲ್ಲಿ ಸೊನ್ನೆ ಇತ್ತು. "ರಾತ್ರಿ ಪಾಳಿ ಒಂದೂ ತಪ್ಪಿಸಿಲ್ರಿ ಅಣ್ಣಾ. ರಜಾನೂ ಇಲ್ಲ, ಪಗಾರೂ ಇಲ್ಲ" ಅಂದ. ಅವನ ಹೆಂಡತಿ ಒಳಗಿನಿಂದ ಕಾಫಿ ತಂದಳು. ಆ ಮಾತು ಅಲ್ಲಿಗೇ ನಿಂತಿತು.

ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಖರ್ಚಿನ ಹನ್ನೆರಡು ಮಸೂದೆಗಳು ಇಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿನ ಎರಡೂ ಮನೆ ದಾಟಿ ಅಧ್ಯಕ್ಷರ ಸಹಿ ಪಡೆಯಬೇಕು. ಹಣಕ್ಕೆ ಒಪ್ಪಿಗೆ ಸಿಗದಿದ್ದರೆ ಸರ್ಕಾರ ಬಾಗಿಲು ಮುಚ್ಚುತ್ತದೆ, ಅದೇ ಶಟ್‌ಡೌನ್; ಗೆಳೆಯನ ಚೀಟಿಯ ಸೊನ್ನೆ ಅದರದ್ದೇ. ಅವುಗಳಲ್ಲಿ ಒಂದು ವಾಣಿಜ್ಯ, ನ್ಯಾಯ ಮತ್ತು ವಿಜ್ಞಾನದ ಮಸೂದೆ. ಎಫ್‌ಬಿಐ, ಕೇಂದ್ರ ಕಾರಾಗೃಹಗಳು, ಜನಗಣತಿ, ಹವಾಮಾನ ಸೇವೆ, ನಾಸಾ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಎಲ್ಲಕ್ಕೂ ದುಡ್ಡು ಬರುವುದು ಇದೊಂದರಿಂದಲೇ. ನ್ಯಾಯ ಎಂದಕೂಡಲೇ ಕೋರ್ಟು ಎಂದುಕೊಳ್ಳಬೇಡಿ. ಕೇಂದ್ರ ನ್ಯಾಯಾಲಯಗಳ ಹಣ ಬೇರೆ ಮಸೂದೆಯಲ್ಲಿದೆ. ವಲಸೆ ಕೋರ್ಟುಗಳು ಮಾತ್ರ ನ್ಯಾಯ ಇಲಾಖೆಯ ಕೆಳಗೆ ಬರುವುದರಿಂದ ಇದರೊಳಗಿವೆ. ಬಡವರಿಗೆ ವಕೀಲರನ್ನು ಒದಗಿಸುವ ಲೀಗಲ್ ಸರ್ವಿಸಸ್ ಕಾರ್ಪೊರೇಷನ್ನಿನ ಅನುದಾನವೂ ಇಲ್ಲಿಯದೇ.

ಈ ಒಕ್ಕೂಟಕ್ಕೆ ತರ್ಕವೇನೂ ಇಲ್ಲ, ಸಮಿತಿಗಳ ಹಂಚಿಕೆಯಲ್ಲಿ ಹೀಗೆ ಕೂಡಿಬಂದಿದೆ. 2005ಕ್ಕೆ ಮೊದಲು ನಾಸಾ, ನಿವೃತ್ತ ಸೈನಿಕರು ಮತ್ತು ವಸತಿ ಇಲಾಖೆಯ ಜೊತೆಗಿತ್ತು. ಆದರೆ ಕೂಡಿಬಂದ ಮೇಲೆ ಒಂದೇ ತಪ್ಪಲೆಯ ಅನ್ನ. ಈ ಮಸೂದೆ ಬರೆಯುವ ಉಪಸಮಿತಿಗೆ ಇಷ್ಟೇ ಹಣ ಎಂದು ಮೊದಲೇ ಮಿತಿ ಹಾಕಿಬಿಡುತ್ತಾರೆ. ಜೈಲಿನ ಖರ್ಚು ಏರಿದರೆ ಉಪಗ್ರಹದ ಪಾಲಿಗೆ ಕೈ ಬೀಳುತ್ತದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಬಂದರೆ ಎಲ್ಲರೂ ಒಂದು ತುತ್ತು ಕಡಿಮೆ ಉಣ್ಣಬೇಕು.

ಈ ಜಗಳ ಎಲ್ಲರ ಕಣ್ಣೆದುರು ನಡೆಯುತ್ತದಲ್ಲ, ಅದು ನನಗೆ ಬಹಳ ಹಿಡಿಸಿದೆ. 2011ರ ಜುಲೈನಲ್ಲಿ ಕೆಳಮನೆಯ ಉಪಸಮಿತಿ ನಾಸಾದ ಬಾಹ್ಯಾಕಾಶ ದೂರದರ್ಶಕ ಜೇಮ್ಸ್ ವೆಬ್ಬನ್ನೇ ರದ್ದು ಮಾಡಲು ಹೊರಟಿತ್ತು. ಖರ್ಚು ಕೈಮೀರಿತ್ತು, ಕೆಲಸ ಹಿಂದೆ ಬಿದ್ದಿತ್ತು, ಸಿಟ್ಟಿಗೆ ಕಾರಣವಿತ್ತು. ಮೇಲ್ಮನೆಯ ಉಪಸಮಿತಿಯ ಅಧ್ಯಕ್ಷೆ ನಮ್ಮ ಮೇರಿಲ್ಯಾಂಡಿನ ಬಾರ್ಬರಾ ಮಿಕುಲ್ಸ್ಕಿ ಪಟ್ಟು ಬಿಡಲಿಲ್ಲ. ನವೆಂಬರಿನ ಹೊತ್ತಿಗೆ ಹಣ ಬಂತು, ಜೊತೆಗೆ ತಯಾರಿಕೆ 800 ಕೋಟಿ ಡಾಲರ್ ದಾಟಬಾರದೆಂಬ ಕಟ್ಟೂ ಬಂತು. ಅದರ ಬಂಗಾರದ ಬಣ್ಣದ ಕನ್ನಡಿಗಳನ್ನು ಜೋಡಿಸಿದ್ದು ಇಲ್ಲಿಯ ಗ್ರೀನ್‌ಬೆಲ್ಟಿನಲ್ಲೇ. 2021ರ ಡಿಸೆಂಬರ್ 25ರಂದು ಅದು ಮೇಲೇರಿತು.

2026ರ ಸಾಲಿಗೆ ಅಧ್ಯಕ್ಷರ ಬಜೆಟ್ ನಾಸಾಕ್ಕೆ ಸುಮಾರು 1,880 ಕೋಟಿ ಡಾಲರ್, ವಿಜ್ಞಾನ ಪ್ರತಿಷ್ಠಾನಕ್ಕೆ 390 ಕೋಟಿ ಸಾಕು ಎಂದಿತ್ತು. ಕಾಂಗ್ರೆಸ್ ಅದನ್ನು ಬದಿಗಿಟ್ಟು ಸುಮಾರು 2,440 ಕೋಟಿ ಮತ್ತು 875 ಕೋಟಿ ಕೊಟ್ಟಿತು. ಸರ್ಕಾರ ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಅಧಿಕಾರ ನಮ್ಮ ಲೋಕಸಭೆಗಿಲ್ಲ. ಸಂವಿಧಾನದ 113ನೇ ವಿಧಿಯ ಪ್ರಕಾರ ಸರ್ಕಾರದ ಹಣದ ಬೇಡಿಕೆಯನ್ನು ಒಪ್ಪಬಹುದು, ತಳ್ಳಿಹಾಕಬಹುದು, ಇಲ್ಲವೇ ಕಡಿಮೆ ಮಾಡಬಹುದು. ಆ ಅಧಿಕಾರವನ್ನಾದರೂ ಬಳಸುತ್ತೇವೆಯೇ?

ನಿಸಾರ್ ಉಪಗ್ರಹವನ್ನೇ ನೋಡಿ. ನಾಸಾ ಮತ್ತು ಇಸ್ರೊ ಕೂಡಿ ಕಟ್ಟಿದ್ದು. 2023ರ ಮಾರ್ಚಿನಲ್ಲಿ ಅದರ ರೇಡಾರ್ ಭಾಗ ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದಾಗ ಇಲ್ಲಿ ನನ್ನ ಎದೆ ಉಬ್ಬಿತ್ತು. ಅದರ ಅಮೆರಿಕದ ಪಾಲಿನ ಹಣ ವರ್ಷ ವರ್ಷ ಉಪಸಮಿತಿಯ ಮುಂದೆ ವಿಚಾರಣೆಗೆ ಬಂದು ಪಾಸಾದದ್ದು. ಅದೇ ಮಾರ್ಚಿನ 23ರಂದು ದೆಹಲಿಯಲ್ಲಿ ಲೋಕಸಭೆ, ಗದ್ದಲದ ನಡುವೆ, ಬಾಹ್ಯಾಕಾಶ ಇಲಾಖೆಯೂ ಸೇರಿದಂತೆ ಎಲ್ಲ ಸಚಿವಾಲಯಗಳ ಬೇಡಿಕೆಗಳನ್ನು ಗಿಲೊಟಿನ್ ಹಾಕಿ, ಅಂದರೆ ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕಿ, ಚರ್ಚೆಯಿಲ್ಲದೆ ಮುಗಿಸಿತು. 2018ರಲ್ಲೂ ಹೀಗೇ ಆಗಿತ್ತು. 1993ರಿಂದ ಇಲಾಖೆಗಳ ಬೇಡಿಕೆಗಳನ್ನು ಪರಿಶೀಲಿಸುವ ಸಂಸದರ ಸ್ಥಾಯಿ ಸಮಿತಿಗಳಿವೆ, ಅವು ವರದಿ ಬರೆಯುತ್ತವೆ, ನಿಜ. ಆದರೆ ಸರ್ಕಾರ ಅವುಗಳ ಮಾತು ಕೇಳಲೇಬೇಕೆಂದೇನಿಲ್ಲ. ಇಸ್ರೊ ನಮ್ಮ ಊರಿನ ಹೆಮ್ಮೆ ಎನ್ನುವ ಕರ್ನಾಟಕದ ಸಂಸದರು, ಯಾವ ಪಕ್ಷದವರೇ ಇರಲಿ, ಆ ಬೇಡಿಕೆಯ ಮೇಲೆ ಒಂದು ಗಂಟೆ ಚರ್ಚೆಗೆ ಹಟ ಹಿಡಿಯಬೇಕು.

ಇಷ್ಟು ಹೇಳಿದರೂ, ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. ಬಜೆಟ್ ತಡವಾದರೆ, ಅದು ಪಾಸಾಗುವ ತನಕದ ಖರ್ಚಿಗೆ ಮುಂಗಡ ಹಣ ಕೊಡುವ 116ನೇ ವಿಧಿಯ ಲೇಖಾನುದಾನವಿದೆ. ಚುನಾವಣೆಯ ವರ್ಷಗಳಲ್ಲಿ ಅದರ ಮೇಲೆಯೇ ಸರ್ಕಾರ ನಡೆಯುತ್ತದೆ. ದೆಹಲಿಯ ರಾಜಕೀಯ ಎಷ್ಟೇ ಕೆಟ್ಟರೂ, ಹವಾಮಾನ ಇಲಾಖೆಯ ನೌಕರನ ಒಲೆ ಆರುವುದಿಲ್ಲ. ಇಲ್ಲಿಯೂ ತಾತ್ಕಾಲಿಕ ಮಸೂದೆ ಎಂಬುದಿದೆ. ಆದರೆ ಅದಕ್ಕೂ ಎರಡೂ ಮನೆಗಳು, ಅಧ್ಯಕ್ಷರು ಒಪ್ಪಬೇಕು; ಒಪ್ಪದಿದ್ದರೆ ಶಟ್‌ಡೌನ್. 2018ರ ಡಿಸೆಂಬರಿನಲ್ಲಿ ಶುರುವಾದದ್ದು 35 ದಿನ ನಡೆಯಿತು. ವಲಸೆ ಕೋರ್ಟುಗಳಲ್ಲಿ ವರ್ಷಗಟ್ಟಲೆ ಕಾದವರ ಸಾವಿರಾರು ವಿಚಾರಣೆಗಳು ಮುಂದೆ ಹೋದವು. 2013ರ ಶಟ್‌ಡೌನಿನಲ್ಲಿ ಅಲಾಸ್ಕದ ಆಂಕರೇಜ್ ಹವಾಮಾನ ಕಚೇರಿಯ ಮುನ್ಸೂಚನೆಯಲ್ಲಿ ಸಾಲುಗಳ ಮೊದಲಕ್ಷರ ಕೂಡಿಸಿದರೆ 'ಪ್ಲೀಸ್ ಪೇ ಅಸ್' ಎಂದಾಗುತ್ತಿತ್ತು. ಕೆಲಸ ಬಿಡುವಂತಿಲ್ಲ, ಬಾಯಿಬಿಟ್ಟು ಕೇಳುವಂತಿಲ್ಲ. ಅದನ್ನು ಓದಿದಾಗ ನನಗೆ ಸಂಕಟವಾಯಿತು. ಕಾನೂನಾಗುವ ತನಕ ಹಳೆಯ ವರ್ಷದ ದರದಲ್ಲಿ ಹಣ ತಾನಾಗಿ ಹರಿಯಲಿ ಎಂಬ ಸಣ್ಣ ತಿದ್ದುಪಡಿ ಸಾಕು. ನಮ್ಮ ಪ್ರತಿನಿಧಿಗೆ ನಾನು ಎರಡು ಸಲ ಪತ್ರ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ.

2025ರಲ್ಲಿ ಮತ್ತೆ ಬಾಗಿಲು ಮುಚ್ಚಿತು, ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ. ಗೆಳೆಯನ ಮನೆಯಲ್ಲಿ ಆ ಸಲ ದೀಪಾವಳಿಗೆ ಸೊನ್ನೆ ಚೀಟಿ. ಅವನಿಗೆ ಬಾಕಿ ಸಂಬಳ ಆಮೇಲೆ ಸಿಕ್ಕಿತು. 2019ರಲ್ಲಿ ಮಾಡಿದ ಕಾನೂನು ಅದಕ್ಕೆಂದೇ ಇದೆ. ಗುತ್ತಿಗೆಯವರಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಅವನ ಕಚೇರಿಯ ಕ್ಯಾಂಟೀನಿನಲ್ಲಿ ಕಾಫಿ ಕೊಡುವ ಹೆಣ್ಣುಮಗಳು ಎರಡು ಮಕ್ಕಳ ತಾಯಿ. ಮೊದಲ ಸಲದ ಆ 35 ದಿನದ ಕೂಲಿಯೇ ಅವಳ ಕೈಗೆ ಇನ್ನೂ ಬಂದಿಲ್ಲ.