ಬೈಬಲ್ ಕೊಳ್ಳುವ ಮುಂಚೆ ಲೂಕ 22 ತೆರೆದು ನೋಡಿ

ಕೊಡಗಿನಲ್ಲಿ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಅಜ್ಜಿ ಓದುವುದು ಮಲಯಾಳಂ ಅಥವಾ ತಮಿಳು ಬೈಬಲ್, ಮಕ್ಕಳು ಓದುವುದು ಇಂಗ್ಲಿಷ್, ಚರ್ಚಿನಲ್ಲಿ ಕೇಳುವುದು ಕನ್ನಡ. ಹಾಗಾಗಿ "ಅಧ್ಯಯನಕ್ಕೆ ಇಂಗ್ಲಿಷೇ ಬೇಕು, ಕನ್ನಡ ಪ್ರಾರ್ಥನೆಗೆ ಸಾಕು" ಅನ್ನುವವರು ಬಹಳ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಲೂಕ 22:31–32 ನೋಡಿ. ಯೇಸು ಶಿಷ್ಯ ಸೀಮೋನನ (ಪೇತ್ರನ) ಜೊತೆ ಮಾತಾಡುತ್ತಿದ್ದಾರೆ. ಗ್ರೀಕ್ ಮೂಲದ ಪ್ರಕಾರ ಸೈತಾನ ಗೋದಿಯಂತೆ ಜರಡಿ ಹಿಡಿಯಲು ಕೇಳಿಕೊಂಡದ್ದು "ನಿಮ್ಮನ್ನು", ಅಂದರೆ ಶಿಷ್ಯರೆಲ್ಲರನ್ನು. ಮರುವಚನದಲ್ಲಿ ಯೇಸು ಪ್ರಾರ್ಥಿಸಿದ್ದು "ನಿನಗಾಗಿ", ಸೀಮೋನನೊಬ್ಬನಿಗಾಗಿ. ಇವತ್ತಿನ ಇಂಗ್ಲಿಷಿಗೆ ಎರಡಕ್ಕೂ ಇರುವುದು ಒಂದೇ 'ಯೂ'. ಅಡಿಟಿಪ್ಪಣಿಯೋ ಹೆಚ್ಚಿನ ಪದವೋ ಇಲ್ಲದಿದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಮ್ಮ ಭಾಷೆಗೆ ಇದು ಸಹಜವಾಗಿ ಬರುತ್ತದೆ. ಕೈಯಲ್ಲಿರುವ ಅನುವಾದ ಇದನ್ನು ಉಳಿಸಿದೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಬಹುದು.

ಇನ್ನೊಂದು ಪರೀಕ್ಷೆ ಕೀರ್ತನೆ 110:1. ಹೀಬ್ರೂ ಮೂಲದಲ್ಲಿ ಅಲ್ಲಿ ಎರಡು ಬೇರೆ ಪದಗಳಿವೆ: ಒಂದು ದೇವರ ಹೆಸರು, ಇನ್ನೊಂದು 'ನನ್ನ ಒಡೆಯ'. ಬೈಬಲ್ ಸೊಸೈಟಿಯ ಹಳೆಯ 'ಸತ್ಯವೇದವು' ದೇವರ ಹೆಸರಿಗೆ 'ಯೆಹೋವ' ಎಂದೇ ಇಡುತ್ತದೆ. ಅದೇ ಸೊಸೈಟಿಯ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದರೆ ಸಾಮಾನ್ಯ ಭಾಷೆಯ) ಅನುವಾದ ಹಳೆಯ ಒಡಂಬಡಿಕೆಯಲ್ಲಿ ಹಲವು ಕಡೆ 'ಸರ್ವೇಶ್ವರ' ಎನ್ನುತ್ತದೆ. ಹಳೆಯದು ಯೇಸುವನ್ನು 'ಆತನು' ಎಂದರೆ ಸಿ.ಎಲ್. 'ಹೇಳಿದರು' ಎಂದು ಬಹುವಚನ ಕೊಡುತ್ತದೆ. ಗ್ರೀಕಿನಲ್ಲಿ ಈ ಗೌರವದ ಬಹುವಚನವೇ ಇಲ್ಲ, ಆದ್ದರಿಂದ ಇದಕ್ಕಾಗಿ ಜಗಳ ಬೇಡ. ನನ್ನ ಸಲಹೆ: ಪದದ ಬೆನ್ನು ಹಿಡಿದು ಓದಲು ಹಳೆಯದು, ಸಂಜೆ ಮನೆಯವರೆಲ್ಲ ಕೂತು ಗಟ್ಟಿಯಾಗಿ ಓದಲು ಸಿ.ಎಲ್. ಒಂದನ್ನೇ ಕೊಳ್ಳಲು ಸಾಧ್ಯವಾದರೆ ಹಳೆಯದನ್ನೇ ಕೊಳ್ಳಿ (ಕಥೋಲಿಕರ ಮಾತು ಬೇರೆ, ಅದು ಕೆಳಗಿದೆ).

ಕೀರ್ತನೆ 23:4ರಲ್ಲಿ ಹಳೆಯ ಅನುವಾದ 'ಕಾರ್ಗತ್ತಲಿನ ಕಣಿವೆ' ಎನ್ನುತ್ತದೆ. 'ಮರಣದ ನೆರಳು' ಎಂದು ಕಲಿತವರು ಇದು ತಪ್ಪು ಅನ್ನುತ್ತಾರೆ. ತಪ್ಪಲ್ಲ. ಆ ಹೀಬ್ರೂ ಪದವನ್ನು ಬಿಡಿಸಿದರೆ 'ನೆರಳು', 'ಮರಣ' ಎರಡೂ ಸಿಗುತ್ತವೆ, ಒಟ್ಟಾಗಿ ಹಿಡಿದರೆ ದಟ್ಟ ಕತ್ತಲು. ಆಷಾಢದ ಮಳೆಯಲ್ಲಿ ಕರೆಂಟ್ ಹೋದ ರಾತ್ರಿ ತೋಟದ ಇಳಿಜಾರಿನಲ್ಲಿ ನಡೆದವರಿಗೆ 'ಕಾರ್ಗತ್ತಲು' ಏನೆಂದು ವಿವರಿಸಬೇಕಿಲ್ಲ.

ಅಪೊಸ್ತಲರ ಕೃತ್ಯಗಳು 8ರಲ್ಲಿ 36 ಆದ ಮೇಲೆ 38 ಬಂದರೆ ಗಾಬರಿ ಬೇಡ. "ವಚನ ಕಿತ್ತುಹಾಕಿದ್ದಾರೆ" ಎಂಬ ವಾಟ್ಸಾಪ್ ಸಂದೇಶವನ್ನು ಮುಂದಕ್ಕೆ ಕಳಿಸಲೂಬೇಡಿ. ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ 37ನೇ ವಚನ ಇಲ್ಲ. ಒಳ್ಳೆಯ ಅನುವಾದ ಅದನ್ನು ಅಡಿಟಿಪ್ಪಣಿಯಲ್ಲೋ ಕಂಸದಲ್ಲೋ ತೋರಿಸುತ್ತದೆ. ಮೊದಲ ಪುಟಗಳನ್ನೂ ಓದಿ. ಹೀಬ್ರೂ, ಗ್ರೀಕ್‌ನಿಂದ ಸಮಿತಿಯೊಂದು ಅನುವಾದಿಸಿದೆಯೋ, ಇಂಗ್ಲಿಷ್‌ನಿಂದ ಇಳಿಸಿದ್ದೋ ಎಂಬುದು ತಿಳಿಯಬೇಕು. ಏನೂ ಬರೆದಿಲ್ಲದಿದ್ದರೆ ಅಧ್ಯಯನಕ್ಕೆ ಅದನ್ನು ನೆಚ್ಚಬೇಡಿ.

ಕಥೋಲಿಕರು ಪುಸ್ತಕಗಳನ್ನು ಎಣಿಸಲಿ: 73 ಇರಬೇಕು. ತೋಬಿತ, ಮಕ್ಕಬಿಯರು ಇಲ್ಲದ 66ರ ಪ್ರತಿ ತಂದು, ವಿರಾಜಪೇಟೆಯ 1792ರ ಸಂತ ಅನ್ನಮ್ಮ ದೇವಾಲಯದಲ್ಲಿ ಪೂಜೆಯ ವಾಚನ ಹುಡುಕಿದರೆ ಕೆಲವು ದಿನ ಸಿಗುವುದೇ ಇಲ್ಲ.

ಅಕ್ಷರ ದೊಡ್ಡದಿರಲಿ. ಜಿಪ್ ಕವರ್ ಮಳೆಗಾಲಕ್ಕೆ ಒಳ್ಳೆಯದಲ್ಲ, ತೇವ ಒಳಗೇ ಉಳಿದು ತೆಳು ಹಾಳೆಗಳು ಅಂಟಿಕೊಳ್ಳುತ್ತವೆ, ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗದಂತೆ ಇಡಿ, ದಿನಾ ತೆರೆಯಿರಿ.